ಬಾಣಂತನಕ್ಕೊಂದು ಹೇಳಿಕೆ

"ಏಯ್, ಆ ಬ್ಯಾಗಿನ ಮ್ಯಾಲಿಂದ ಕೈ ತಗಿ! ಅಕಿ ನಿನಗ ಹೆಂಡತಿ ಆಗೂಕಿಂತ ಮೊದಲ ನನಗ ಮಗಳು!"

"ಮಾವಾ, ಅವಳು ಏಳು ತಿಂಗಳ ಬಸುರಿ. ಎಲ್ಲಿಗೆ ಕರ್ಕೊಂಡು ಹೋಗ್ತೀರ? ನಾನೇನು ತಪ್ಪು ಮಾಡ್ದೆ, ಅದು ಹೇಳಿ ಮೊದ್ಲು."

"ಬಸುರಿ ಅಂತನ ಒಯ್ಯಾಕತ್ತೀನೋ ಮಾರಾಯಾ! ಬಸುರಿ ಇರದಿದ್ರ ನಾ ಯಾಕ ಬರತಿದ್ದೆ?"

ಬೇಗೂರಿನ ಬಾಡಿಗೆ ಮನೆಯೊಂದರ ಎರಡನೇ ಮಹಡಿಯಲ್ಲಿ ನಾನೂ ನನ್ನ ಅಳಿಯ ಒಬಿನ್ನನೂ ಹೀಗೆ ಮಾತಾಡುತ್ತಿದ್ದೆವು. ಮಾತಾಡುತ್ತಿದ್ದೆವು ಎನ್ನುವುದು ನನ್ನ ಅಭಿಪ್ರಾಯ. ಮನೆಯ ಒಡತಿ ಮರಿಯಮ್ಮ ಮೆಟ್ಟಿಲ ಮೇಲೆ ಕೊತ್ತಂಬರಿ ಬಿಡಿಸುತ್ತ ಕೂತಿದ್ದಳು. ಅವಳ ಪ್ರಕಾರ ನಾವು ಕಿರುಚಾಡುತ್ತಿದ್ದೆವು, ಅದು ಬಸ್ ಸ್ಟಾಪಿನವರೆಗೆ ಕೇಳುತ್ತಿತ್ತು. ಕೇಳಲಿ. ಜಿಗಣಿಯ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲು ಕೊಯ್ಯುವ ಯಂತ್ರಗಳ ಮಧ್ಯೆ ಇಪ್ಪತ್ತೆರಡು ವರ್ಷ ದುಡಿದವನು ನಾನು. ಅಲ್ಲಿ ಮೆತ್ತಗೆ ಮಾತಾಡಿದವನ ಬೆರಳು ಉಳಿಯುವುದಿಲ್ಲ.

ಒಬಿನ್ನ ನೈಜೀರಿಯಾದವನು. ತನ್ನ ದೇಶಕ್ಕೆ ಕಲ್ಲು ಕೊಳ್ಳಲು ನಮ್ಮ ಕಾರ್ಖಾನೆಗೆ ಬಂದವನು. ಅಲ್ಲಿ ಬಿಲ್ ಬರೆಯುತ್ತಿದ್ದ ನನ್ನ ಮಗಳು ನೀಲಾಂಬಿಕಾಳನ್ನು ನೋಡಿದ. ಕಲ್ಲು ಹಡಗು ಹತ್ತಿತು, ಅವನು ಹತ್ತಲಿಲ್ಲ. ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾಯಿತು. ಇಳಕಲ್ಲಿನಲ್ಲಿರುವ ನಮ್ಮ ಅಣ್ಣ ಸಂಗಣ್ಣ ಆವತ್ತು ಫೋನಿನಲ್ಲಿ ಅಂದದ್ದು ಒಂದೇ ಮಾತು: "ಮದಿವಿ ಅಂತೂ ಪದ್ಧತಿ ಬಿಟ್ಟು ಆತು. ಇನ್ನ ಮುಂದಿಂದರ ಒಂದ ಕೂದಲೆಳಿ ತಪ್ಪಬಾರದು, ನೋಡ ಭರಮಪ್ಪ."

ಆದ್ದರಿಂದ ನಾನು ತಪ್ಪಿಸಲಿಲ್ಲ. ಏಳನೇ ತಿಂಗಳಿಗೆ ಹಸಿರು ಸೀರೆ ಉಡಿಸಿ ಕುಬಸ, ಅಂದರೆ ಸೀಮಂತ, ಮಾಡಿದೆವು. ಮಾಡಿದ ಮೇಲೆ ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆದೊಯ್ಯುವುದು ಪದ್ಧತಿ. ಇದರಲ್ಲಿ ತಪ್ಪು ಹುಡುಕುವವನು ಹುಟ್ಟಿಲ್ಲ ಅಂದುಕೊಂಡಿದ್ದೆ. ನೈಜೀರಿಯಾದಲ್ಲಿ ಹುಟ್ಟಿದ್ದ.

"ನಮ್ಮ ಕಡೆ ಹುಡುಗಿಯ ತಾಯಿ ಗಂಡನ ಮನೆಗೆ ಬರ್ತಾರೆ ಮಾವಾ. ಅತ್ತೆ ಇಲ್ಲಿಗೆ ಬರಲಿ. ಆರು ತಿಂಗಳು ಇರಲಿ. ರಾಣಿ ಥರ ನೋಡ್ಕೋತೀನಿ."

"ನನ್ನ ಹೆಂಡತಿ ನಿನ್ನ ಮನ್ಯಾಗ ಬಟ್ಟಿ ಒಗಿಯಾಕ ಬರಬೇಕಾ?"

"ಅಪ್ಪಾ," ಎಂದು ನೀಲಾ ನಡುವೆ ಬಂದಳು. "ಮುಂದಿನ ತಿಂಗಳು ಇವರ ಪರ್ಮಿಟ್ ಮುಗೀತದ. ನಾವಿಬ್ಬರೂ ಕೂಡಿ ಅದೀವೇನು ಅಂತ ನೋಡಾಕ ಪೊಲೀಸರು ಬರ್ತಾರ. ಈಗ ಇವರು ಈ ದೇಶದಾಗ ಇರೂದು ನನ್ನ ಗಂಡ ಅನ್ನೂದರ ಮ್ಯಾಲೆ. ಅದೊಂದು ಮುಗದ ಮ್ಯಾಲೆ ಬರ್ತೀನಿ."

"ಹೆರಿಗಿಗೂ ಪೊಲೀಸರಿಗೂ ಏನವಾ ಸಂಬಂಧ? ಎಂಟರಾಗ ಕರಕೊಂಡು ಹೋಗೂಹಂಗಿಲ್ಲ. ನಡಿ!"

ನೀಲಾ ಗಂಡನ ಕಡೆ ನೋಡಿದಳು. ಅವನ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಅಪ್ಪನ ಸಿಟ್ಟು ಇಳಿಯಲಿ, ಹದಿನೈದು ದಿನ ಇದ್ದು ಬರುತ್ತೇನೆ ಎಂದಿರಬೇಕು. ಅವನು ಬ್ಯಾಗು ಬಿಟ್ಟ. ನಾನು ಅದನ್ನು ಹೊತ್ತು ಮೆಟ್ಟಿಲಿಳಿಯುವಾಗ, ಕೇಳಬೇಕಾದವರಿಗೆಲ್ಲ ಕೇಳಲಿ ಎಂದು ಇನ್ನೊಂದು ಮಾತು ಸೇರಿಸಿದೆ: "ಇನ್ನ ಈಕಿನ್ನ ಕಳಸೂದಿಲ್ಲ, ನೋಡ್ತಿರು!"

ಮರಿಯಮ್ಮನ ಕೈಯ ಕೊತ್ತಂಬರಿ ಹಾಗೇ ನಿಂತಿತು.

ನಮ್ಮ ಕಡೆ ಇಂಥ ಮಾತಿಗೆ ಯಾರೂ ಲೆಕ್ಕ ಇಡುವುದಿಲ್ಲ. ಬೀಗರ ಮನೆಯಲ್ಲಿ ನಾಲ್ಕು ಮಾತು ಜೋರಾಗಿ ಆಡದಿದ್ದರೆ ಹೆಣ್ಣಿನ ಕಡೆಯವರು ಬಂದಿದ್ದೇ ತಿಳಿಯುವುದಿಲ್ಲ. ಆದರೆ ಅವರ ಕಡೆ ಹಾಗಲ್ಲವಂತೆ. ಹೆಣ್ಣಿನ ತಂದೆ ಕೂಗಾಡಿ, ಗಂಟುಮೂಟೆ ಸಮೇತ ಮಗಳನ್ನು ಕರೆದೊಯ್ದನೆಂದರೆ ಮದುವೆ ಅರ್ಧ ಮುರಿದ ಹಾಗೆ. ಆಗ ಗಂಡಾದವನು ತನ್ನ ಹಿರಿಯರನ್ನು ಮುಂದಿಟ್ಟುಕೊಂಡು ಮಾವನ ಮನೆಗೆ ಹೋಗಿ, ಕಾಣಿಕೆ ಇಟ್ಟು, ಎಲ್ಲರೆದುರು ಬೈಸಿಕೊಂಡು, ಹೆಂಡತಿಯನ್ನು ಕೇಳಿ ತರಬೇಕು. ಹೋಗದಿದ್ದರೆ ಉಳಿದರ್ಧವೂ ಮುರಿಯಿತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಮೊದಲೇ ತಿಳಿದಿದ್ದರೂ ನಾನು ಕೂಗುತ್ತಿದ್ದೆ, ಆ ಮಾತು ಬೇರೆ.

ಹದಿನೇಳನೇ ದಿನ, ಶ್ರಾವಣದ ಶನಿವಾರ. ನನ್ನ ಹೆಂಡತಿ ಸಿದ್ದಕ್ಕ ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿದ್ದಳು. ನಾನು ಲಿಂಗಪೂಜೆಗೆ ಕೂತಿದ್ದೆ. ಕೆಳಗಿನಿಂದ, ಜಿಗಣಿಯ ನಮ್ಮ ಬಾಡಿಗೆ ಮನೆಯ ಒಡತಿ ಮುನಿಯಕ್ಕ ಕೂಗಿದಳು.

"ಭರಮಣ್ಣ! ಓ ಭರಮಣ್ಣ! ನಿಮ್ಮನೆಗೆ ಐದು ಜನ ಬಂದವ್ರೆ!"

"ಯಾರವ್ವಾ?"

"ಒಬ್ರು ನಿಮ್ಮಳಿಯ. ಉಳಿದೋರು ಅವ್ರ ಕಡೆಯೋರು. ಒಂದು ಮೇಕೆನೂ ಬಂದೈತೆ!"

ವಿಭೂತಿ ಹಚ್ಚಿದ ಹಣೆಯಲ್ಲೇ ಕೆಳಗಿಳಿದು ಬಂದೆ. ಎರಡು ಆಟೋ ನಿಂತಿದ್ದವು. ಮೊದಲನೆಯದರಿಂದ ಇಳಿದವರು ಹೊರಮಾವಿನಲ್ಲಿರುವ ಅವರ ದೇಶದ ಹಿರಿಯ ಗಾಡ್ವಿನ್. ಅರವತ್ತರ ಮೇಲಿನ ವಯಸ್ಸು. ಕೆಂಪು ಟೋಪಿ, ಮೊಣಕಾಲು ದಾಟುವ ಕಪ್ಪು ಅಂಗಿ, ಅಂಗಿಯ ತುಂಬ ಬಂಗಾರದ ಬಣ್ಣದ ಸಿಂಹದ ತಲೆಗಳು. ನಮ್ಮ ಕಡೆ ಇಂಥ ಉಡುಪನ್ನು ಬಯಲಾಟದಲ್ಲಿ ಮಾತ್ರ ನೋಡಿದ್ದೆ. ಹಿಂದೆ ಅಂಥವೇ ಮೂವರು. ಅವರ ಹಿಂದೆ ತಲೆ ತಗ್ಗಿಸಿದ ಒಬಿನ್ನ. ಎರಡನೇ ಆಟೋದಿಂದ ಇಳಿದದ್ದು ಒಂದು ಕೇಸ್ ಬಿಯರು ಮತ್ತು ಒಂದು ಕರೀ ಹೋತ.

ಲಿಂಗವಂತರ ಮನೆ. ಶ್ರಾವಣ ಮಾಸ. ಬಾಗಿಲಲ್ಲಿ ಬಿಯರು ಮತ್ತು ಹೋತ.

ಓಣಿಯಲ್ಲಿ ಕಿಟಕಿಗಳು ತೆರೆದವು. ಕಿಟಕಿ ಇಲ್ಲದವರು ಬಾಗಿಲು ತೆರೆದರು. ಎದುರುಮನೆಯ ಅನುಸೂಯಮ್ಮ ಕೂಗುತ್ತಿದ್ದ ಕುಕ್ಕರನ್ನೂ ಬಿಟ್ಟು ಬಂದು ನಿಂತಳು. ಪಕ್ಕದ ಹಾರ್ಡ್‌ವೇರ್ ಅಂಗಡಿಯ ನರಸಪ್ಪ ಗಿರಾಕಿಗೆ ಮೊಳೆ ತೂಗುತ್ತಿದ್ದವನು ತಕ್ಕಡಿ ಸಮೇತ ಹೊರಗೆ ಬಂದ.

ಗಾಡ್ವಿನ್ ನನಗೆ ಸೊಂಟ ಬಗ್ಗಿಸಿ ನಮಸ್ಕರಿಸಿ ಉದ್ದಕ್ಕೆ ಮಾತು ಶುರು ಮಾಡಿದರು. ಒಬಿನ್ನ ಮಂಡಿಯೂರಿ ಕೂತು ಅದನ್ನು ಕನ್ನಡ ಮಾಡಿ ಹೇಳತೊಡಗಿದ.

"ಹಿರಿಯರು ಹೇಳ್ತಾರೆ, ಈ ಹುಡುಗ ಮೂರ್ಖ."

"ಯಾವ ಹುಡುಗ?"

"ನಾನು, ಮಾವಾ. ಇವನಿಗೆ ಬುದ್ಧಿ ಇಲ್ಲ, ಇವನ ಬಾಯಿ ಕೆಟ್ಟದು, ಇಂಥವನಿಗೆ ನೀವು ಮಗಳನ್ನ ಕೊಟ್ರಿ, ನಿಮ್ಮದು ದೊಡ್ಡ ಮನಸ್ಸು ಅಂತಾರೆ."

ಇದರಲ್ಲಿ ನನಗೆ ಒಪ್ಪದೇ ಇರುವುದು ಏನೂ ಇರಲಿಲ್ಲ. ಆದರೂ ಬೀದಿಯಲ್ಲಿ ನಿಂತು ಹೇಳುವ ಮಾತೇ ಇದು?

"ಇನ್ನೂ ಹೇಳ್ತಾರೆ: ಇವನು ಏನು ತಪ್ಪು ಮಾಡಿದ್ದಾನೆ ಅಂತ ಇವನಿಗೆ ಗೊತ್ತಿಲ್ಲ. ಗೊತ್ತಿಲ್ಲದೇ ಇರೋದೇ ತಪ್ಪು. ನೀವು ದಂಡ ಹಾಕಿ. ಕೊಡ್ತೀವಿ. ಮಗಳನ್ನ ಕಳಿಸಿ."

"ದಂಡ ಕೊಟ್ಟು ಮಗಳನ್ನ ಬಿಡಿಸ್ಕೊಂಡು ಹೋಗೋಕೆ ಬಂದವ್ರೆ ಕಣ್ರೀ," ಎಂದು ನರಸಪ್ಪ ಓಣಿಗೆಲ್ಲ ಅರ್ಥ ಹೇಳಿದ.

ಅಷ್ಟರಲ್ಲಿ ಅವರಲ್ಲೊಬ್ಬ ಮರದ ತಟ್ಟೆಯಲ್ಲಿ ಒಂದು ಕಾಯಿಯ ಹೋಳುಗಳನ್ನು ನನ್ನ ಮುಂದೆ ಹಿಡಿದ. ಬಣ್ಣ ನೋಡಿ ಅಡಿಕೆ ಅಂದುಕೊಂಡೆ. ಬಂದವರು ಅಡಿಕೆ ಕೊಟ್ಟರೆ ಬೇಡ ಎನ್ನುವುದು ನಮ್ಮಲ್ಲಿ ಇಲ್ಲ. ಎಷ್ಟೇ ಸಿಟ್ಟಿದ್ದರೂ ಒಂದು ಹೋಳು ಬಾಯಿಗೆ ಹಾಕಿದೆ. ಬೇವಿನಕಾಯಿ, ಹಾಗಲಕಾಯಿ, ಜ್ವರದ ಗುಳಿಗೆ ಮೂರನ್ನೂ ಅರೆದು ಉಂಡೆ ಕಟ್ಟಿದ ಕಹಿ. ಥೂ ಎಂದು ಉಗಿದೆ. ಅದು ಗಾಡ್ವಿನ್ನರ ಬೂಟಿನ ಪಕ್ಕಕ್ಕೆ ಬಿತ್ತು.

ನಾಲ್ವರೂ ಹಿರಿಯರು ಒಟ್ಟಿಗೆ ಉಸಿರು ಹಿಡಿದರು. ಒಬಿನ್ನ ಕಣ್ಣು ಮುಚ್ಚಿಕೊಂಡ. ಅವರಲ್ಲಿ ಆ ಕಾಯಿ ತಿಂದರೆ ಒಪ್ಪಿಗೆ. ನಾನು ಉಗಿದದ್ದು ಕಾಯಿಯನ್ನು. ಅವರು ತಿಳಿದದ್ದು ಸಂಬಂಧವನ್ನು.

ಗಾಡ್ವಿನ್ ಕೆಂಪು ಟೋಪಿ ತೆಗೆದು ಎದೆಗೆ ಹಿಡಿದು ಇನ್ನೂ ಜೋರಾಗಿ ಬೇಡಿಕೊಳ್ಳತೊಡಗಿದರು. ಉಳಿದ ಮೂವರೂ ದನಿಗೂಡಿಸಿದರು. ಒಬಿನ್ನ ನೆಲಕ್ಕೆ ಹಣೆ ಹಚ್ಚಿದ. ಹಗ್ಗ ಬಿಚ್ಚಿಕೊಂಡ ಹೋತ ಮುನಿಯಕ್ಕನ ಕರಿಬೇವಿನ ಗಿಡಕ್ಕೆ ಬಾಯಿ ಹಾಕಿತು. ಮುನಿಯಕ್ಕ ಪೊರಕೆ ತಂದಳು. ನಾನು "ಮೊದಲ ಆ ಬಾಟ್ಲಿ ತಗೀರಿ! ಮನೀ ಮುಂದ ಬಾಟ್ಲಿ!" ಎಂದು ಅರಚುತ್ತಿದ್ದೆ. ಇಷ್ಟರ ನಡುವೆ ನರಸಪ್ಪ ಫೋನು ಕಿವಿಗಿಟ್ಟಿದ್ದು ನನಗೆ ಕಂಡಿತು.

"ಸಾರ್, ಐದು ಜನ ಆಫ್ರಿಕಾದೋರು ಸಾರ್. ಬಸುರಿ ಹೆಂಗಸನ್ನ ಎತ್ತಾಕ್ಕೊಂಡು ಹೋಗೋಕೆ ಬಂದವ್ರೆ. ಒಂದು ಕೇಸ್ ಬಿಯರ್ ಐತೆ. ಮೇಕೆ ಬೇರೆ ಐತೆ, ಏನೋ ಬಲಿಗಿಲಿ ಇರ್ಬೇಕು ಸಾರ್. ಬೇಗ ಬನ್ನಿ."

ನರಸಪ್ಪನ ಅಂಗಡಿಯಲ್ಲಿ ಕಳ್ಳತನವಾದಾಗ ಪೊಲೀಸರು ಮೂರು ದಿನ ಬಿಟ್ಟು ಬಂದಿದ್ದರು. ಇವತ್ತು ಹನ್ನೊಂದು ನಿಮಿಷಕ್ಕೆ ಜೀಪು ಬಂತು.

ಇಳಿದ ಹೆಡ್ ಕಾನ್‌ಸ್ಟೆಬಲ್ ಅಮರಪ್ಪ ಯಾರನ್ನೂ ಏನೂ ಕೇಳಲಿಲ್ಲ. ಐವರನ್ನೂ ಗೋಡೆಗೆ ನಿಲ್ಲಿಸಿದ. ಸಿಂಹದಂಗಿಯ ಮುದುಕರು ಕೈ ಮೇಲೆತ್ತಿ ನಿಂತರು. ಅವರ ಮುಖದ ಮೇಲೆ ಆಶ್ಚರ್ಯ ಇರಲಿಲ್ಲ. ಇದು ಅವರಿಗೆ ಹೊಸದಲ್ಲ ಎನ್ನುವ ಹಾಗೆ, ಎಲ್ಲರೂ ತಮ್ಮ ತಮ್ಮ ಎದೆಯ ಜೇಬಿನಿಂದ ಒಂದೇ ಸಲಕ್ಕೆ ಪಾಸ್‌ಪೋರ್ಟ್ ತೆಗೆದರು.

"ಇವನು ಯಾರ್ರೀ?" ಎಂದು ಅಮರಪ್ಪ ಒಬಿನ್ನನನ್ನು ತೋರಿಸಿದ.

"ನಮ್ಮ ಅಳಿಯ."

"ಮಗಳು ಎಲ್ಲಿದ್ದಾರೆ?"

"ನಮ್ಮ ಮನ್ಯಾಗ ಅದಾಳ."

"ಎಷ್ಟು ದಿನದಿಂದ?"

"ಹದಿನೇಳು ದಿನ ಆತು."

"ಅವನ ಜೊತೆ ವಾಪಸ್ ಕಳಿಸ್ತೀರಾ?"

ಓಣಿ ಪೂರ್ತಿ ನನ್ನ ಬಾಯಿ ನೋಡುತ್ತಿತ್ತು. "ಕಳಸೂದಿಲ್ಲ!" ಎಂದೆ. ಹೆರಿಗೆಯಾಗಿ ಐದು ತಿಂಗಳ ತನಕ ಕಳಿಸುವುದಿಲ್ಲ ಎನ್ನುವುದು ಪೂರ್ತಿ ವಾಕ್ಯ. ಉಳಿದದ್ದು ಬಾಯಿಗೆ ಬರುವಷ್ಟರಲ್ಲಿ ಹೋತ ನನ್ನ ಧೋತರದ ಅಂಚು ತಿನ್ನತೊಡಗಿತ್ತು. ನಾನು ಅದನ್ನು ಎಳೆಯುತ್ತಿದ್ದೆ, ಅಮರಪ್ಪ ಬರೆಯುತ್ತಿದ್ದ. ಜೀಪಿನ ಬಾನೆಟ್ಟಿನ ಮೇಲಿಟ್ಟು ಹಾಳೆ ಕೊಟ್ಟ. ಸಹಿ ಮಾಡಿದೆ. ಊರ ಶಾಲೆಯಲ್ಲಿ ಮಾಸ್ತರರು ಬೆತ್ತ ಹಿಡಿದು ಕಲಿಸಿದ ಸಹಿ, ಬಾಲ ಸಮೇತ ಮಾಡಿದೆ. ಓದಲಿಲ್ಲ. ಕನ್ನಡಕ ಪೂಜೆಯ ಮಣೆಯ ಮೇಲಿತ್ತು.

ಐವರನ್ನೂ ಹತ್ತಿಸಿಕೊಂಡು ಜೀಪು ತಿರುಗುವ ಹೊತ್ತಿಗೆ ಸಿದ್ದಕ್ಕ ಮತ್ತು ನೀಲಾ ಆಟೋದಿಂದ ಇಳಿದರು. ಜೀಪಿನ ಹಿಂದಿನ ಜಾಲರಿಯಲ್ಲಿ ಒಬಿನ್ನನ ಮುಖ ಕಂಡಿತು. ನೀಲಾ ಓಡಲು ಹೋದಳು. ಏಳು ಮುಗಿದು ಎಂಟಕ್ಕೆ ಬಿದ್ದ ಹೊಟ್ಟೆ, ಎಷ್ಟು ಓಡುತ್ತಾಳೆ? ಕಂಬ ಹಿಡಿದು ನಿಂತಳು. ನಾನು ಸಹಿ ಹಾಕಿಕೊಟ್ಟದ್ದನ್ನು ಮುನಿಯಕ್ಕ ಅವಳಿಗೆ ಹೇಳಿದಳು.

"ಅಪ್ಪಾ, ಏನ್ ಬರಕೊಟ್ಟಿ?"

"ಏನಿಲ್ಲ. ಇದ್ದದ್ದ ಹೇಳಿದೆ."

"ಏನ್ ಬರಕೊಟ್ಟಿ ಅಂತ ಕೇಳಿದೆ!"

ಸಿದ್ದಕ್ಕ ಬಿಯರು, ಹೋತ, ನನ್ನ ಹರಿದ ಧೋತರ ಎಲ್ಲವನ್ನೂ ಒಂದು ಸುತ್ತು ನೋಡಿದಳು. "ಮನಿಗಿ ಬಂದ ಬೀಗರಿಗೆ ಒಂದ ತಂಬಗಿ ನೀರರ ಕೊಟ್ರೇನು?" ಎಂದು ಕೇಳಿದಳು. ಕೊಟ್ಟಿರಲಿಲ್ಲ.

ಸಂಜೆಗೆ ಎಲ್ಲರನ್ನೂ ಬಿಟ್ಟರು. ಆದರೆ ಆ ದಿನ ಮಧ್ಯಾಹ್ನವೇ ಬೇಗೂರಿನ ಮನೆಗೆ ಪೊಲೀಸರು ಹೋಗಿ ವಿಚಾರಿಸಿದ್ದರು. ಅವರಿಗೆ ಮರಿಯಮ್ಮ ನಾನು ಮೆಟ್ಟಿಲಿಳಿಯುತ್ತ ಆಡಿದ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿದಳು. ಒಪ್ಪಿಸಿದ ಮೇಲೆ ಬಾಗಿಲಿಗೆ ಹೊಸ ಬೀಗ ಹಾಕಿದಳು. ಪೊಲೀಸರು ಬರುವ ಮನೆ ಅವಳಿಗೆ ಬೇಡವಂತೆ. ಒಬಿನ್ನನ ಸಾಮಾನು ಹೊರಮಾವಿನ ಗಾಡ್ವಿನ್ ಮನೆಗೆ ಹೋಯಿತು. ನೀಲಾ ಅಲ್ಲಿಗೇ ಹೊರಟು ನಿಂತಳು, ಹೋಗಲಾಗಲಿಲ್ಲ. ಅವಳಿಗೆ ಬಿ.ಪಿ. ಏರಿತ್ತು, ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದು ಎಂದಿದ್ದರು. ಮಲಗಿದಲ್ಲಿಂದಲೇ ಗಂಡನಿಗೆ ಫೋನು ಮಾಡುತ್ತಿದ್ದಳು. ನಾನು ಕೋಣೆಗೆ ಹೋದರೆ ಗೋಡೆಯ ಕಡೆ ತಿರುಗುತ್ತಿದ್ದಳು.

ಹೋತವನ್ನು ಮುನಿಯಕ್ಕ ಕರಿಬೇವಿನ ಗಿಡದ ಬಾಬ್ತು ಎಂದು ಇಟ್ಟುಕೊಂಡಳು. ಬಿಯರು ಎಲ್ಲಿ ಹೋಯಿತೋ ನನಗೆ ಗೊತ್ತಿಲ್ಲ. ನರಸಪ್ಪ ಎರಡು ದಿನ ಅಂಗಡಿ ತೆರೆಯಲಿಲ್ಲ.

ಮೂರು ವಾರಕ್ಕೆ ಒಬಿನ್ನನಿಗೆ ಕಾಗದ ಬಂತು. ಹೆಂಡತಿ ಜೊತೆಯಲ್ಲಿ ವಾಸವಿಲ್ಲ. ಹೆಂಡತಿಯ ತಂದೆ ಕಳಿಸಲು ನಿರಾಕರಿಸಿದ್ದಾರೆ. ಪರವಾನಗಿ ಮುಂದುವರಿಸಲು ಕಾರಣವಿಲ್ಲ. ಹದಿನಾಲ್ಕು ದಿನದೊಳಗೆ ದೇಶ ಬಿಡತಕ್ಕದ್ದು. ನೀಲಾ ಅದನ್ನು ನನಗೆ ಓದಿ ಹೇಳಲಿಲ್ಲ. ಅವನು ಫೋನಿನಲ್ಲಿ ಕಳಿಸಿದ್ದನ್ನು ನನ್ನ ಮುಂದೆ ಹಿಡಿದಳು, ಅಷ್ಟೆ. ಈ ಸಲ ಕನ್ನಡಕ ಕಣ್ಣ ಮೇಲೇ ಇತ್ತು.

ಠಾಣೆಗೆ ಹೋದೆ. ಅಮರಪ್ಪ ಚಿತ್ರಾನ್ನ ತಿನ್ನುತ್ತಿದ್ದ.

"ಸಾರ್, ಅದು ಜಗಳ ಅಲ್ಲರೀ. ಬಾಣಂತನಕ್ಕ ಕರಕೊಂಡು ಬಂದದ್ದು."

"ಬಾಣಂತನಕ್ಕೆ ಕರ್ಕೊಂಡು ಬಂದ್ರೆ ಕಳಿಸೋದಿಲ್ಲ ಅಂತ ಯಾಕ್ರೀ ಹೇಳಿದ್ರಿ?"

"ಸಿಟ್ಟಿನಾಗ ಹೇಳಿದ್ನಿ ಸಾರ್."

"ಸಿಟ್ಟಿಗೆ ಫಾರಂನಲ್ಲಿ ಕಾಲಂ ಇಲ್ಲ ಯಜಮಾನ್ರೆ."

"ಈಗ ಕಳಸ್ತೀನಿ ಅಂತ ಬರಕೊಡ್ತೀನಿ. ಹಾಳಿ ಕೊಡ್ರಿ."

"ಎಲ್ಲಿಗೆ ಕಳಿಸ್ತೀರ? ಅವನಿಗೆ ಮನೆ ಎಲ್ಲಿದೆ?"

"ನಮ್ಮ ಮನ್ಯಾಗ ಇಟ್ಟುಕೋತೀನಿ ಸಾರ್. ಮನಿ ಅಳ್ಯಾ ಅನ್ಲಿ ಮಂದಿ, ಏನರ ಅನ್ಲಿ."

"ಅವತ್ತು ಬಾಗಿಲಲ್ಲಿ ನಿಲ್ಸಿ ಉಗಿದ್ರಂತೆ. ಅದೂ ರಿಪೋರ್ಟಲ್ಲಿದೆ." ಅಮರಪ್ಪ ಕೈ ತೊಳೆಯಲು ಎದ್ದ. "ಫೈಲು ಮೇಲಿನ ಆಫೀಸಿಗೆ ಹೋಗಿದೆ. ಅವರು ನನ್ನನ್ನ ಕೇಳೋದಿಲ್ಲ, ನಾನು ಅವರನ್ನ ಕೇಳೋ ಹಾಗಿಲ್ಲ. ಆದ್ರೂ ಒಂದು ಮಾತು: ಆ ಹೇಳಿಕೆ ಚೆನ್ನಾಗಿತ್ತು. ಇಷ್ಟು ಸ್ಪಷ್ಟವಾಗಿ ಯಾರೂ ಹೇಳೋದಿಲ್ಲ."

ಮೇಲಿನ ಆಫೀಸಿಗೆ ನಾಲ್ಕು ದಿನ ಹೋದೆ. ಮೊದಲ ದಿನ ಟೋಕನ್ ಮುಗಿದಿತ್ತು. ಎರಡನೇ ದಿನ ಸಾಹೇಬರು ಇರಲಿಲ್ಲ. ಮೂರನೇ ದಿನ ಇದ್ದರು. ಅರ್ಜಿಯನ್ನು ಅಳಿಯನೇ ಕೊಡಬೇಕು ಎಂದರು. ನಾಲ್ಕನೇ ದಿನ ಅಳಿಯ ಕೊಟ್ಟ, ನಲವತ್ತೈದು ದಿನದಲ್ಲಿ ಉತ್ತರ ಬರುತ್ತದೆ ಎಂದು ಠಸ್ಸೆ ಹೊಡೆದುಕೊಟ್ಟರು. ದೇಶ ಬಿಡಲು ಉಳಿದದ್ದು ಐದು ದಿನ.

ಸಂಗಣ್ಣನಿಗೆ ಫೋನು ಮಾಡಿದೆ. ಪೂರ್ತಿ ಕೇಳಿಸಿಕೊಂಡು ಹೇಳಿದ: "ಹೋಗ್ಲಿ ಬಿಡು. ಪದ್ಧತಿ ಒಳಗ ನಮ್ಮದೇನೂ ತಪ್ಪಿಲ್ಲ."

ಕೊನೆಯ ದಿನ ಮಧ್ಯಾಹ್ನ ಒಬಿನ್ನ ಬಂದ. ಒಬ್ಬನೇ. ಸಾದಾ ಅಂಗಿ, ಹೆಗಲಿಗೊಂದು ಬ್ಯಾಗು. ಆಟೋ ನಿಲ್ಲಿಸಿಕೊಂಡು ಗೇಟಿನ ಹೊರಗೇ ನಿಂತ.

"ಒಳಗ ಬಾರಪಾ. ಊಟ ಮಾಡು. ನಿಮ್ಮತ್ತಿ ಹೋಳಿಗಿ ಮಾಡ್ಯಾಳ."

"ಮಾವಾ, ಒಂದು ಮಾತು ಹೇಳಿ. ಆಮೇಲೆ ಒಳಗೆ ಬರ್ತೀನಿ."

"ಏನ್ ಮಾತು?"

"ಮಗು ಆದ್ಮೇಲೆ ಅವಳನ್ನ ನನ್ನ ಹತ್ರ ಕಳಿಸ್ತೀರಾ? ಅಷ್ಟು ದೂರ? ಕಳಿಸ್ತೀನಿ ಅಂತ ಒಂದು ಸಲ ಬಾಯಿಬಿಟ್ಟು ಹೇಳಿ. ನಮ್ಮ ಹಿರಿಯರಿಗೆ ನಾನು ಹೋಗಿ ಹೇಳ್ಬೇಕು."

ಮುನಿಯಕ್ಕ ಹೋತದ ಹಗ್ಗ ಹಿಡಿದು ನಿಂತಿದ್ದಳು. ಅನುಸೂಯಮ್ಮ ಕಿಟಕಿಯಲ್ಲಿದ್ದಳು. ನರಸಪ್ಪ ಅಂಗಡಿಯ ಕಟ್ಟೆಗೆ ಬಂದು ಕೂತ. ಇಷ್ಟು ಜನರ ಮುಂದೆ ಹೆಣ್ಣು ಹೆತ್ತವನನ್ನು ಗೇಟಿನಲ್ಲಿ ನಿಲ್ಲಿಸಿ ಮಾತು ತಗೊಳ್ಳುವುದು ಯಾವ ದೇಶದ ರೀತಿ?

"ಮೊದಲ ಹೆರಿಗಿ ಆಗ್ಲಿ," ಎಂದೆ. "ಆಮ್ಯಾಲೆ ನೋಡೂಣು."

ಒಬಿನ್ನ ಬಗ್ಗಿ ನನ್ನ ಕಾಲು ಮುಟ್ಟಿ, ಆಟೋ ಕಡೆ ತಿರುಗಿದ.

ನೀಲಾ ಒಳಗಿನಿಂದ ಬಂದಳು. ತಲೆ ಬಾಚಿ, ಕುಬಸದ ಹಸಿರು ಸೀರೆ ಉಟ್ಟಿದ್ದಳು. ಕೈಯಲ್ಲಿ ಸಣ್ಣದೊಂದು ಚೀಲ, ಆಸ್ಪತ್ರೆಯ ಕಾಗದ ಇಡುವುದು.

"ಏರ್‌ಪೋರ್ಟಿಗೆ ಬಿಟ್ಟು ಬರ್ತೀನಿ," ಎಂದಳು.

"ಇಂಥಾ ಹೊಟ್ಟಿ ಹೊತ್ತು ಏರ್‌ಪೋರ್ಟಿಗೆ? ಡಾಕ್ಟರು ಏನಂದಾರ?"

ಅವಳು ಚಪ್ಪಲಿ ಮೆಟ್ಟಿದಳು. ಸಿದ್ದಕ್ಕ ಅವಳ ಹಿಂದೆ ಗೇಟಿನ ತನಕ ಹೋದಳು, ಸೆರಗಿನ ಗಂಟು ಬಿಚ್ಚಿ ಏನೋ ಕೈಗಿಟ್ಟಳು, ಹಣೆ ಮುಟ್ಟಿದಳು. ಆಟೋ ಹೊರಟಿತು. ಜಿಗಣಿಯಿಂದ ಏರ್‌ಪೋರ್ಟೆಂದರೆ ಊರಿನ ಈ ತುದಿಯಿಂದ ಆ ತುದಿ. ಸಂಜೆ ಏಳಾಯಿತು, ಎಂಟಾಯಿತು.

"ಏನಣ್ಣ, ಮಗಳು ಬರಲಿಲ್ವಾ?" ಎಂದಳು ಮುನಿಯಕ್ಕ.

"ಟ್ರಾಫಿಕ್ ಇರಬೇಕವ್ವಾ. ಸಿಲ್ಕ್ ಬೋರ್ಡಿನಾಗ ಸಿಕ್ಕಿರ್ತಾಳ."

ಮರುದಿನ ಬೆಳಗ್ಗೆ ಅನುಸೂಯಮ್ಮ ಕೇಳಿದಳು. ಹೆಬ್ಬಾಳದ ಹತ್ತಿರ ಯಾವುದೋ ಲಾರಿ ಅಡ್ಡ ಬಿದ್ದಿದೆಯಂತೆ ಎಂದೆ. ಸಂಜೆ ನರಸಪ್ಪ ಕೇಳಿದ. ಅವನಿಗೂ ಅದೇ ಹೇಳಿದೆ. ಒಂದು ಲಾರಿ ಎತ್ತಲು ಇಷ್ಟು ಹೊತ್ತೇ ಎಂದು ಅವನು ಕೇಳಲಿಲ್ಲ. ಇಂಥ ವಿಷಯದಲ್ಲಿ ಬೆಂಗಳೂರಿನವರು ಒಳ್ಳೆಯವರು, ಎಷ್ಟು ದೊಡ್ಡ ಟ್ರಾಫಿಕ್ಕನ್ನಾದರೂ ನಂಬುತ್ತಾರೆ.

ಮೂರನೇ ದಿನ ಸಿದ್ದಕ್ಕ ನನಗೆ ರೊಟ್ಟಿ ಹಾಕುತ್ತ ಹೇಳಿದಳು.

"ಟ್ರಾಫಿಕ್ ಅಲ್ಲ. ಅಕಿ ಹೊರಮಾವಿನಾಗ ಗಾಡ್ವಿನ್ ಅವರ ಮನ್ಯಾಗ ಅದಾಳ. ಅವರ ಹೆಂಡತಿ ನೋಡ್ಕೊಳ್ಳಾಕತ್ತಾರ. ಅಲ್ಲೇ ಹೆರ್ತಾಳ. ಕೂಸಿಗೆ ಪಾಸ್‌ಪೋರ್ಟ್ ಆದ ಮ್ಯಾಲೆ ಅಲ್ಲಿಂದನ ಗಂಡನ ಊರಿಗೆ ಹೋಗ್ತಾಳ. ಹೋಗೂ ಮುಂದ ನನಗ ಹೇಳೇ ಹೋಗ್ಯಾಳ."

"ನಿನಗ ಹೇಳ್ಯಾಳ! ನಾ ಅಕಿ ಅಪ್ಪ. ನನಗ್ಯಾಕ ಹೇಳಲಿಲ್ಲ?"

"ನೀವು ಕಳಸೂದಿಲ್ಲ ಅಂತ ಬರಕೊಟ್ಟೀರಲ್ರೀ," ಎಂದಳು ಸಿದ್ದಕ್ಕ. ರೊಟ್ಟಿಯ ತಟ್ಟೆ ನನ್ನ ಮುಂದಿಟ್ಟು, ಬಾಣಂತಿಗೆಂದು ಹುರಿದಿಟ್ಟಿದ್ದ ಅಳವಿ ಕಾಳನ್ನು ಡಬ್ಬಿಗೆ ತುಂಬತೊಡಗಿದಳು.

ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಓಣಿಯ ತಿರುವಿನಲ್ಲಿ ಒಂದು ಆಟೋ ಕಂಡಿತು. ನಮ್ಮ ಮನೆ ದಾಟಿ ಹೋಯಿತು. ಗೇಟಿನ ಹತ್ತಿರದಿಂದ ಮುನಿಯಕ್ಕ ಕೇಳಿದಳು.

"ಭರಮಣ್ಣ, ಬಂದ್ಲಾ ಮಗಳು?"

"ದಾರ್ಯಾಗ ಅದಾಳವ್ವಾ," ಎಂದೆ. "ಭಾಳ ಟ್ರಾಫಿಕ್ ಐತಿ."